ಹೆಬ್ಬೆಟ್ಟಿಗೆ ನಿಂಬೆಹಣ್ಣು

ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದವನಿಗೆ ಕಾನೂನು ಒಂದು ಲೆಕ್ಕವೇ? ಹೀಗೆಂದು ನಾನು ಅಂದುಕೊಂಡದ್ದು ಅಜ್ಜಂಪುರದ ನಮ್ಮ ಮನೆಯ ಜಗಲಿಯ ಮೇಲೆ, ಸರ್ಕಾರಿ ಶಾಲೆಯ ಮೇಷ್ಟರ ಕೆಲಸದಿಂದ ನಿವೃತ್ತನಾದ ಮೂರನೆಯ ದಿನ, ಎರಡನೆಯ ಲೋಟ ಕಾಫಿ ಕುಡಿದಾದ ಮೇಲೆ. ಮೊದಲನೆಯ ಲೋಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ.

ನನ್ನ ಉದ್ದೇಶ ಕೆಟ್ಟದ್ದೇನೂ ಆಗಿರಲಿಲ್ಲ. ನಮ್ಮ ಕಡೆಯ ರೈತಾಪಿ ಜನ ಒಂದು ಕಾಗದ ಹಿಡಿದುಕೊಂಡು ಕಡೂರಿಗೋ ತರೀಕೆರೆಗೋ ಹೋಗುತ್ತಾರೆ. ಕಚೇರಿಯ ಮುಂದಿನ ಮರದ ಕೆಳಗೆ ಕೂತವನು ಏನೋ ಬರೆಯುತ್ತಾನೆ. ಇವರು ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಬರೆದದ್ದೇನು, ಒತ್ತಿದ್ದು ಯಾವುದಕ್ಕೆ, ಎರಡೂ ಗೊತ್ತಿಲ್ಲ. ಇಂಥವರಿಗೆ ಕಾಗದ ಓದಿ ಹೇಳುವುದು, ಅರ್ಜಿ ಬರೆದುಕೊಡುವುದು, ದಾರಿ ತೋರಿಸುವುದು, ಇಷ್ಟನ್ನು ನಮ್ಮ ಜಗಲಿಯ ಮೇಲೆ ಕೂತೇ ಮಾಡಬೇಕೆಂದು ನಿಶ್ಚಯಿಸಿದೆ. ಶಾಲೆಯವರು ಬಿಸಾಡಿದ್ದ ಕಪ್ಪು ಹಲಗೆ ತಂದು ಗೋಡೆಗೆ ಒರಗಿಸಿ ದಪ್ಪ ಅಕ್ಷರದಲ್ಲಿ ಬರೆದೆ: "ನ್ಯಾಯ ಸಹಾಯ ಜಗಲಿ. ಪುಕ್ಕಟೆ."

ನನ್ನ ಹೆಂಡತಿ ಪಾರ್ವತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಹಲಗೆ ಓದಿದಳು.

"ನಿಮಗೆ ಕಾನೂನು ಗೊತ್ತೇನ್ರೀ?"

"ಪುಸ್ತಕ ಇದೆಯಲ್ಲ!" ಕಡೂರಿನ ಸಂತೆಯಲ್ಲಿ ಕೊಂಡಿದ್ದ ಕಾನೂನಿನ ಪುಸ್ತಕವನ್ನು ಎತ್ತಿ ತೋರಿಸಿದೆ.

"ಅದರಲ್ಲಿ ಮೊದಲ ನಲವತ್ತು ಪುಟ ಇಲ್ಲವಲ್ಲ."

"ಮೊದಲ ನಲವತ್ತು ಪುಟ ಬರೀ ಪೀಠಿಕೆ ಕಣೇ. ಕಾನೂನು ಶುರುವಾಗುವುದೇ ನಲವತ್ತೊಂದರಿಂದ!"

ಅವಳು ಒಳಗೆ ಹೋದಳು. ಪಾರ್ವತಮ್ಮ ಜಗಳವಾಡದೆ ಒಳಗೆ ಹೋದರೆ ನಾನು ಹೆದರಬೇಕಿತ್ತು. ಹೆದರಲಿಲ್ಲ.

ಇಲ್ಲಿ ನನ್ನ ಸ್ವಭಾವದ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಾನು ಅನುಮಾನದ ಪ್ರಾಣಿ. ಹೊಟ್ಟೆನೋವು ಎಂದ ಹುಡುಗನ ಹೊಟ್ಟೆಯನ್ನು ಮೂರು ಕಡೆ ಒತ್ತಿ ನೋಡದೆ ಮನೆಗೆ ಕಳಿಸಿದವನಲ್ಲ. ನಮಸ್ಕಾರ ಮಾಡಿದವನನ್ನು ಕಂಡರೆ ಇವನಿಗೇನು ಬೇಕಾಗಿದೆ ಎಂದು ಯೋಚಿಸುತ್ತೇನೆ. ಮಾಡದವನನ್ನು ಕಂಡರೆ ಇವನು ಏನು ಬಚ್ಚಿಡುತ್ತಿದ್ದಾನೆ ಎಂದು ಯೋಚಿಸುತ್ತೇನೆ. ಕಾನೂನಿನ ಕೆಲಸಕ್ಕೆ ಇಂಥ ಬುದ್ಧಿಯೇ ಬಂಡವಾಳ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು.

ಆದರೆ ಅನುಮಾನ ನನ್ನೊಬ್ಬನ ಸೊತ್ತಲ್ಲ ಎಂಬುದು ಹಲಗೆ ಬರೆದ ಮೇಲೆ ತಿಳಿಯಿತು. ಒಂದು ತಿಂಗಳು ಒಬ್ಬ ನರಪಿಳ್ಳೆಯೂ ಜಗಲಿ ಹತ್ತಲಿಲ್ಲ. ಕಾರಣ ಆ "ಪುಕ್ಕಟೆ"! ಕೊನೆಗೆ ಊರಿನ ಪಟೇಲರು ಬಂದು ದೂರದಲ್ಲೇ ನಿಂತು ಕೇಳಿದರು.

"ಪುಕ್ಕಟೆ ಅಂತ ಬರ್ದಿದೀರಲ್ಲ ಮೇಷ್ಟ್ರೇ, ನಿಮಗೇನ್ ಸಿಗುತ್ತೆ ಇದ್ರಾಗೆ?"

"ಪುಣ್ಯ, ಪಟೇಲರೇ."

"ಅದನ್ನ ಯಾವ ಕಚೇರೀಲಿ ಕೊಡ್ತಾರೆ?"

ನಾನು ಹಲಗೆಯ ಧೂಳು ಒರೆಸತೊಡಗಿದೆ. ಆದರೆ ದೇವರು ದೊಡ್ಡವನು. ಮರುವಾರವೇ ಪಟೇಲರ ಎಮ್ಮೆ ಕಳೆದುಹೋಯಿತು. ಬೀಗರ ಊರಿನಿಂದ ಹೊಡೆದುಕೊಂಡು ಬರುವಾಗ ಸರ್ಕಾರಿ ಹುಲ್ಲುಗಾವಲಾದ ಎಮ್ಮೆದೊಡ್ಡಿಯ ಅಮೃತಮಹಲ್ ಕಾವಲಿಗೆ ನುಗ್ಗಿ, ಅಲ್ಲಿನ ಕಾವಲುಗಾರರ ಕೈಗೆ ಸಿಕ್ಕಿದೆ ಎಂದು ಸುದ್ದಿ. ನಾನು ಒಂಬತ್ತು ಪುಟದ ಅರ್ಜಿ ಬರೆದೆ. ಎಮ್ಮೆಯ ವಂಶ, ಗುಣ, ಬಾಲದ ಉದ್ದ ಯಾವುದನ್ನೂ ಬಿಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಎಮ್ಮೆ ತಾನಾಗಿಯೇ ಬಂದು ಕೊಟ್ಟಿಗೆಯ ಮುಂದೆ ನಿಂತಿತ್ತು! ಪಟೇಲರು ಊರೆಲ್ಲ ಸಾರಿದರು: "ಮೇಷ್ಟ್ರು ಅರ್ಜಿ ಬರೆದ್ರೆ ದನಾನೂ ಎದ್ದು ಬತ್ತವೆ ಕಣ್ರಲಾ!" ಅರ್ಜಿ ಇನ್ನೂ ನನ್ನ ಕೋಟಿನ ಜೇಬಿನಲ್ಲೇ ಇತ್ತು. ಆ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ.

ಅಂದಿನಿಂದ ಜಗಲಿ ತುಂಬಿತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂಬಂತೆ ನಾನು ಕಾಗದ ಓದುವುದಕ್ಕೇ ನಿಲ್ಲದೆ ಊರಿಗೆ ಪಾಠ ಹೇಳಲು ಹೊರಟೆ. ಮೊದಲನೆಯ ಪಾಠ: ಯಾರು ಹೇಳಿದರೂ ಹೆಬ್ಬೆಟ್ಟು ಒತ್ತಕೂಡದು. ಎರಡನೆಯ ಪಾಠ: ಕಚೇರಿಯವರೋ, ಕೋಟು ಹಾಕಿದವರೋ ಬಂದು ಏನು ಕೇಳಿದರೂ "ಗೊತ್ತಿಲ್ಲ, ಕಂಡಿಲ್ಲ, ಕೇಳಿಲ್ಲ" ಎನ್ನತಕ್ಕದ್ದು. ಮಗ್ಗಿಯಂತೆ ಮೂರು ಸಲ ಒಟ್ಟಿಗೆ ಹೇಳಿಸಿದೆ. ಜಗಲಿ ಅದುರಿಹೋಯಿತು!

"ಬಲವಂತ ಮಾಡಿ ಕೈ ಹಿಡಿದು ಒತ್ತಿಸಿಕೊಂಡ್ರೆ?" ಎಂದು ಪಟೇಲರು ಕೇಳಿದರು.

ನಾನು ಗಡ್ಡ ಕೆರೆದುಕೊಂಡೆ. ಉಗುರುಸುತ್ತು ಆದರೆ ನಾವು ಬೆರಳಿಗೆ ನಿಂಬೆಹಣ್ಣು ಸಿಕ್ಕಿಸುವುದಿಲ್ಲವೇ? ಹಾಗೆ ಹೆಬ್ಬೆಟ್ಟಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು "ಉಗುರುಸುತ್ತು ಸ್ವಾಮಿ" ಎಂದುಬಿಟ್ಟರೆ ಯಾವ ಅಧಿಕಾರಿ ಮುಟ್ಟುತ್ತಾನೆ? ನನ್ನ ಬುದ್ಧಿಗೆ ನಾನೇ ಬೆರಗಾದೆ.

"ನಾಳೆ ನಾನೇ ಬಂದು ಒತ್ತು ಅಂದರೂ ಒತ್ತಬೇಡಿ!" ಎಂದು ಆವೇಶದಲ್ಲಿ ಸೇರಿಸಿದೆ. ಜನ ತಲೆದೂಗಿದರು. ಒಳಗಿನಿಂದ ಒಗ್ಗರಣೆಯ ಚಟಪಟದ ಜೊತೆಗೆ ಒಂದು ನಗು ಕೇಳಿಸಿತು. ಅನುಮಾನಪಟ್ಟೆ. ಆದರೆ ವಿಚಾರಣೆಗೆ ಸಮಯವಿರಲಿಲ್ಲ.

ಇಷ್ಟರಲ್ಲಿ ಕೆಂಚಮ್ಮ ಬಂದಳು. ಐವತ್ತರ ಹತ್ತಿರದ ಹೆಂಗಸು. ಗಂಡ ಸಿದ್ದಪ್ಪ ತೀರಿಕೊಂಡು ಎರಡು ವರ್ಷ, ಮಕ್ಕಳಿಲ್ಲ. ಇದ್ದದ್ದೆಂದರೆ ಕೆರೆಯ ಹಿಂದಿನ ತೆಂಗಿನ ತೋಟದಲ್ಲಿ ಗಂಡನ ಪಾಲಿನ ಅರ್ಧ. ಆ ಅರ್ಧದ ಒಂದೊಂದು ಮರಕ್ಕೂ ಅವಳು ಕೊಡದಲ್ಲಿ ನೀರು ಹೊತ್ತು ಹಾಕಿದ್ದಳು. ಇನ್ನರ್ಧ ಗಂಡನ ಅಣ್ಣ ರುದ್ರಪ್ಪನದು.

"ನಮ್ ಭಾವ್ನೋರು ಒಂದು ಕಾಗದ ತಂದು ಹೊಸ್ತಿಲ ಮೇಲೆ ಮಡಗಿ, ಹೆಬ್ಬೆಟ್ಟು ಒತ್ತಿರ್ಲಿ ಅಂತ ಕಂಬಕ್ಕೆ ಹೇಳಿ ಹೋದ್ರು ಸ್ವಾಮಿ. ನಾನು ನಿಮ್ ಪಾಠ ಕೇಳಿದ್ನಲ್ಲ, ಒತ್ಲಿಲ್ಲ. ವಾಪಸ್ ತಗೊಂಡ್ಹೋದ್ರು. ಆಮೇಲೆ ತರೀಕೆರೆ ಕಚೇರಿಗೆ ಎಲ್ಡು ಸಲ ಹೋಗ್ಬಂದ್ರಂತೆ. ನಂಗ್ಯಾಕೋ ಹೆದ್ರಿಕೆ ಆಗ್ತದೆ."

ಕಂಬಕ್ಕೆ ಹೇಳಿದ್ದೇಕೆಂದರೆ, ನಮ್ಮ ಕಡೆ ಗಂಡನ ಅಣ್ಣನ ಎದುರಿಗೆ ಹೆಂಗಸು ನಿಂತು ಮಾತಾಡುವ ಪದ್ಧತಿಯಿಲ್ಲ. ಅವನೂ ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವುದಿಲ್ಲ. ಹೇಳಬೇಕಾದ್ದನ್ನು ಕಂಬಕ್ಕೋ ಗೋಡೆಗೋ ಹೇಳುತ್ತಾನೆ. ಅವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ. ಮೂವತ್ತು ವರ್ಷದಿಂದ ಆ ಮನೆಯಲ್ಲಿ ಭಾವ ಕಂಬದ ಜೊತೆ ಆಡಿದಷ್ಟು ಮಾತನ್ನು ತನ್ನ ಹೆಂಡತಿಯ ಜೊತೆಯೂ ಆಡಿರಲಾರ.

"ಆ ತೋಟ ಹೋದ್ರೆ ನಾನು ಯಾರ ಬಾಗ್ಲಿಗೆ ಹೋಗ್ಲಿ ಸ್ವಾಮಿ?" ಎಂದು ಕೆಂಚಮ್ಮ ಕಣ್ಣೊರೆಸಿಕೊಂಡಳು.

ಅಯ್ಯೋ ಪಾಪ ಎನ್ನಿಸಿತು. ಅದರ ಹಿಂದೆಯೇ ಅನುಮಾನವೂ ಎದ್ದು ಕೂತಿತು. ಅಣ್ಣ, ತೋಟ, ಕಚೇರಿ, ಹೆಬ್ಬೆಟ್ಟು! ಇನ್ನೇನು ಬೇಕು? ರುದ್ರಪ್ಪ ತೋಟ ನುಂಗಲು ಹೊರಟಿದ್ದಾನೆ! ಹೋಗಿ ಅವನನ್ನೇ ಒಂದು ಮಾತು ಕೇಳಬಹುದಿತ್ತು. ಖಾತೆ ಈಗ ಯಾರ ಹೆಸರಿನಲ್ಲಿದೆ ಎಂದು ಕೆಂಚಮ್ಮನನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ನನಗೆ ಗೊತ್ತಿಲ್ಲ ಎಂಬುದು ಅವಳಿಗೆ ಗೊತ್ತಾಗಿಬಿಡುತ್ತದಲ್ಲ!

"ಹೆದರಬೇಡ ಕೆಂಚಮ್ಮ. ಇಲ್ಲಿ ಒಂದು ಹೆಬ್ಬೆಟ್ಟು ಒತ್ತು," ಎಂದು ಒಂದು ಖಾಲಿ ಹಾಳೆಯನ್ನು ಮುಂದಿಟ್ಟೆ. "ಸಮಯ ನೋಡಿಕೊಂಡು ಮೇಲೆ ತುಂಬಿಸಿಕೊಳ್ಳುತ್ತೇನೆ."

ಕಾಫಿ ತಂದ ಪಾರ್ವತಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. "ಖಾಲಿ ಹಾಳೆಗೆ ಒತ್ತಿಸಿಕೊಳ್ತಿದೀರಲ್ಲ, ನಿಮ್ಮ ಪಾಠ ಎಲ್ಲಿ ಹೋಯ್ತು?"

"ನನ್ನ ವಿಷಯ ಬೇರೆ ಕಣೇ!" ಎಂದೆ.

ಕೆಂಚಮ್ಮ ಒತ್ತಿದಳು. ನನ್ನನ್ನು ನಂಬಿ ಒತ್ತಿದಳು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಎರಡು ದಿನ ಕಳೆದು ರುದ್ರಪ್ಪ ಗಾಡಿ ಕಟ್ಟಿಕೊಂಡು ಮತ್ತೆ ತರೀಕೆರೆಗೆ ಹೊರಟಿದ್ದಾನೆ ಎಂದು ಸುದ್ದಿ ಬಂತು. ಬೇಹುಗಾರಿಕೆಗೆ ಇದೇ ಸಮಯ! ಖಾಲಿ ಹಾಳೆಯನ್ನು ಜೇಬಿಗೆ ಹಾಕಿಕೊಂಡು, ಗುರುತು ಸಿಗದಿರಲೆಂದು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು, ಬೆಳಗಿನ ತಂಪಿನಲ್ಲಿ ಗಾಡಿಯ ಹಿಂದೆ ಹೊರಟೆ. ಊರು ದಾಟಿ ಒಂದು ಹರದಾರಿ ಹೋಗಿರಲಿಲ್ಲ, ಗಾಡಿ ನಿಂತಿತು.

"ಮೇಷ್ಟ್ರೇ, ಬಿಸಿಲೇ ಇಲ್ವಲ್ಲ, ಕೊಡೆ ಯಾಕೆ? ಬನ್ನಿ, ಹತ್ಕೊಳ್ಳಿ. ನಾನೂ ತರೀಕೆರೆಗೇ ಹೋಗ್ತಿರೋದು."

ರುದ್ರಪ್ಪ! ಕೊಡೆಯ ಹಿಂದೆ ಇರುವವನು ನಾನೆಂದು ಇವನಿಗೆ ಹೇಗೆ ತಿಳಿಯಿತು? ಅನುಮಾನ ಇಮ್ಮಡಿಯಾಯಿತು. ಕೊಡೆಯ ಮೇಲೆ ನನ್ನ ಹೆಸರನ್ನು ಬಿಳಿ ದಾರದಲ್ಲಿ ಪಾರ್ವತಮ್ಮ ಹೊಲಿದಿದ್ದಳು ಎಂಬುದು ಆಮೇಲೆ ನೆನಪಾಯಿತು. ಓದು ಬಾರದ ರುದ್ರಪ್ಪನಿಗೂ ಗುರುತು ಸಿಗುವಷ್ಟು ದಪ್ಪ ಹೊಲಿಗೆ! ಕಾಲು ನೋಯುತ್ತಿದ್ದರಿಂದ ಹತ್ತಿ ಕೂತೆ. ಹೀಗೆ ಯಾರ ಮೇಲೆ ಬೇಹು ನಡೆಸಬೇಕಿತ್ತೋ ಅವನ ಗಾಡಿಯಲ್ಲೇ, ಅವನ ಹುಲ್ಲಿನ ಮೆತ್ತೆಯ ಮೇಲೆ ಕೂತು ಬೇಹುಗಾರಿಕೆ ಮುಂದುವರಿಯಿತು.

"ಮೇಷ್ಟ್ರೇ, ನಮ್ ಕೆಂಚಮ್ಮನ ವಿಚಾರ ಒಂದು ಮಾತು ಕೇಳ್ಬೇಕು ಅಂತಿದ್ದೆ..."

"ಗೊತ್ತಿಲ್ಲ!" ಎಂದೆ.

"ನಾನಿನ್ನೂ ಕೇಳೇ ಇಲ್ವಲ್ಲ."

"ಕಂಡಿಲ್ಲ! ಕೇಳಿಲ್ಲ!"

ರುದ್ರಪ್ಪ ನನ್ನ ಮುಖ ನೋಡಿ ಎತ್ತಿನ ಹಗ್ಗ ಜಗ್ಗಿದ. ಮೇಷ್ಟರಿಗೆ ವಯಸ್ಸಾಯಿತು ಎಂದುಕೊಂಡಿರಬೇಕು. ದಾರಿಯಲ್ಲಿ ಒಂದು ಹಳ್ಳದ ಹತ್ತಿರ ಎತ್ತು ಬಿಚ್ಚಿ, ಬುತ್ತಿ ಬಿಚ್ಚಿ ನನಗೂ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟ. ಇದೇನು ಇಷ್ಟು ಉಪಚಾರ? ರೊಟ್ಟಿಯಲ್ಲಿ ಏನಾದರೂ ಹಾಕಿದ್ದರೆ? ಪರೀಕ್ಷೆಗಾಗಿ ಒಂದು ಚೂರನ್ನು ಮೆಲ್ಲಗೆ ಎತ್ತಿನ ಮುಂದೆ ಹಿಡಿದೆ. ಅದು ನನ್ನ ಕೈಯಲ್ಲಿದ್ದ ಎರಡು ರೊಟ್ಟಿಯನ್ನೂ ಎಳೆದು ತಿಂದು, ಇನ್ನೂ ಬೇಕೆಂಬಂತೆ ನನ್ನ ರುಮಾಲು ಮೂಸಿತು. ಎತ್ತಿಗೆ ಏನೂ ಆಗಲಿಲ್ಲ. ನಾನು ಸಂಜೆಯವರೆಗೆ ಉಪವಾಸವಿದ್ದೆ.

ತರೀಕೆರೆಯ ಕಚೇರಿಯಲ್ಲಿ ಕಂಬದ ಮರೆಯಲ್ಲಿ ನಿಂತು ನೋಡಿದೆ. ರುದ್ರಪ್ಪ ಗುಮಾಸ್ತನ ಮೇಜಿನ ಮೇಲೆ ಎರಡು ಎಳನೀರು ಇಟ್ಟ. ಗುಮಾಸ್ತ ನಕ್ಕ. ಒಂದು ಕಡತ ಬಿಚ್ಚಿದ. ಇಬ್ಬರೂ ಬಗ್ಗಿ ನೋಡಿದರು. ಗುಮಾಸ್ತ ಏನೋ ಹೇಳಿದ, ರುದ್ರಪ್ಪ ಕೈ ಮುಗಿದ. ಸಾಕಲ್ಲ! ಎಳನೀರಿಗೆ ತೋಟ ಮಾರಿಹೋಯಿತು!

ಕಚೇರಿಯ ಮುಂದಿನ ಹುಣಸೇಮರದ ಕೆಳಗೆ ಕೂತು ಜೇಬಿನಿಂದ ಹಾಳೆ ತೆಗೆದೆ. ಕೆಂಚಮ್ಮನ ಹೆಬ್ಬೆಟ್ಟಿನ ಮೇಲುಗಡೆ, ನನ್ನ ಅತ್ಯುತ್ತಮ ಕೈಬರಹದಲ್ಲಿ ಬರೆದೆ: "ಸದರಿ ತೆಂಗಿನ ತೋಟದ ಖಾತೆಯಲ್ಲಿ ಯಾರು ಏನೇ ಹೇಳಿದರೂ, ಯಾವ ಕಾರಣಕ್ಕೂ, ಯಾವ ವಿಧವಾದ ಬದಲಾವಣೆಯನ್ನೂ ಮಾಡಕೂಡದೆಂದು ಮಹಾಸ್ವಾಮಿಯವರಲ್ಲಿ ತಕರಾರು." ಇಂಥ ವಾಕ್ಯ ಬರೆಯಲು ಎಷ್ಟು ಜನ ವಕೀಲರಿಗೆ ಸಾಧ್ಯ? ರುದ್ರಪ್ಪ ಎತ್ತಿಗೆ ನೀರು ತೋರಿಸಲು ಹೋದಾಗ ಒಳಗೆ ಕೊಟ್ಟುಬಂದೆ.

ವಾಪಸ್ಸು ಬಂದದ್ದೂ ಅವನ ಗಾಡಿಯಲ್ಲೇ.

"ನಿಮ್ ಕೆಲ್ಸ ಆಯ್ತಾ ಮೇಷ್ಟ್ರೇ?"

"ಭೇಷಾಗಿ ಆಯಿತು!"

"ನಂದೂ ಆದಂಗೇ. ಇನ್ ದ್ಯಾವ್ರು ನಡೆಸ್ಬೇಕು," ಎಂದ ರುದ್ರಪ್ಪ. ಅವನ ಮುಖದಲ್ಲಿ ಎಂಥದೋ ಸಮಾಧಾನವಿತ್ತು. ಕಳ್ಳರಿಗೂ ಎಂಥ ಸಮಾಧಾನ ಇರುತ್ತದೆ ಎಂದು ನಾನು ಒಳಗೊಳಗೇ ಆಶ್ಚರ್ಯಪಟ್ಟೆ.

ಹತ್ತು ದಿನ ಕಳೆಯಿತು. ಕರೀ ಕೋಟು ಹಾಕಿ, ಬಗಲಲ್ಲಿ ಕಡತ ಇರುಕಿಕೊಂಡ ಅಪರಿಚಿತನೊಬ್ಬ ಊರಿಗೆ ಬಂದ. ಅವನು ವಿಚಾರಿಸಬೇಕಾಗಿದ್ದ ಊರಿನ ಶಾನುಭೋಗರು ಮಗಳ ಬಾಣಂತನವೆಂದು ಸಖರಾಯಪಟ್ಟಣಕ್ಕೆ ಹೋಗಿದ್ದರು. ಅವನು ಬೀದಿಯಲ್ಲೇ ಕೇಳಿಕೊಂಡು ಬಂದ: "ಇಲ್ಲಿ ಕೆಂಚಮ್ಮ ಅಂತ ಯಾರಾದ್ರೂ ಇದಾರೇನ್ರಪ್ಪಾ?"

ರುದ್ರಪ್ಪನ ಬಂಟ! ನಾನು ಜಗಲಿಯಿಂದಲೇ ಕಣ್ಣು ಹೊಡೆದೆ. ಊರು ಒಂದೇ ಬಾಯಲ್ಲಿ ಉತ್ತರಿಸಿತು: "ಗೊತ್ತಿಲ್ಲ! ಕಂಡಿಲ್ಲ! ಕೇಳಿಲ್ಲ!" ಅವನು ಕೆಂಚಮ್ಮನನ್ನೇ ಕೇಳಿದ. ಅವಳೂ "ಗೊತ್ತಿಲ್ಲ" ಎಂದಳು. ಅವನು ಏನನ್ನೋ ಬರೆದುಕೊಂಡು ಹೋದ. ಶಿಷ್ಯರ ಸಾಧನೆಗೆ ನನ್ನ ಕಣ್ಣು ತುಂಬಿಬಂತು.

ಇನ್ನೊಂದು ವಾರಕ್ಕೆ ತಾಲ್ಲೂಕಿನ ಮುಖ್ಯಾಧಿಕಾರಿಯಾದ ತರೀಕೆರೆಯ ಅಮಲ್ದಾರರು ವರ್ಷಕ್ಕೊಮ್ಮೆ ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆಂದು ಅಜ್ಜಂಪುರದಲ್ಲಿ ಮೊಕ್ಕಾಂ ಮಾಡಿದರು. ಮುಸಾಫರಖಾನೆಯ ಮುಂದಿನ ಮಾವಿನ ಮರದ ಕೆಳಗೆ ಮೇಜು, ಕುರ್ಚಿ, ಕಡತಗಳ ಗಂಟು. ಪಕ್ಕದಲ್ಲಿ ಅದೇ ಕರೀ ಕೋಟಿನವನು! ಅವನು ಕಚೇರಿಯ ಇನ್ನೊಬ್ಬ ಗುಮಾಸ್ತನಂತೆ. ಆದರೆ ಗುಮಾಸ್ತರಲ್ಲಿ ಬಂಟರಿರಬಾರದೆಂದು ಎಲ್ಲಿ ಬರೆದಿದೆ? ಅವಸರದಲ್ಲಿ ಕನ್ನಡಕ ಮರೆತು ಬಂದಿದ್ದೆ. ಆದರೂ ಮುಂದಿನ ಸಾಲಿನಲ್ಲೇ ನಿಂತೆ.

ಗುಮಾಸ್ತ ಕೂಗಿದ: "ಕೆಂಚಮ್ಮ, ಕೋಂ ಸಿದ್ದಪ್ಪ!"

ಕೆಂಚಮ್ಮ ಐದು ಮಾರು ದೂರದಲ್ಲೇ ನಿಂತಿದ್ದಳು. ನನ್ನ ಕಡೆ ನೋಡಿದಳು. ನಾನು ಬೇಡ ಎಂದು ತಲೆಯಲ್ಲಾಡಿಸಿದೆ. ಅವಳು ಕಲ್ಲಿನಂತೆ ನಿಂತಳು.

"ಈ ಹೆಂಗಸು ಊರಲ್ಲಿ ಇದ್ದಾಳೋ ಇಲ್ಲವೋ?" ಅಮಲ್ದಾರರು ಕಡತ ತಿರುವಿದರು. "ಇವಳನ್ನು ಯಾರೂ ಕಂಡಿಲ್ಲ ಕೇಳಿಲ್ಲ ಅಂತ ವರದಿ ಬಂದಿದೆಯಲ್ಲ. ಎಲ್ಲಿ ಪಟೇಲ? ನೀನು ಹೇಳು."

ಪಟೇಲರು ನನ್ನ ಮುಖ ನೋಡಿದರು. ಎಮ್ಮೆಯ ಋಣ ನೆನಪಾಯಿತೆಂದು ಕಾಣುತ್ತದೆ. "ಗೊತ್ತಿಲ್ಲ ಬುದ್ಧಿ. ಕಂಡಿಲ್ಲ. ಕೇಳಿಲ್ಲ."

"ಅದೇನು ನಿನ್ನ ಹೆಬ್ಬೆಟ್ಟಿಗೆ?"

"ನಿಂಬೆಹಣ್ಣು ಬುದ್ಧಿ. ಉಗುರುಸುತ್ತು."

ಅಮಲ್ದಾರರು ಪಕ್ಕದವನ ಕೈ ನೋಡಿದರು. ನಿಂಬೆಹಣ್ಣು! ಅವನ ಪಕ್ಕದವನದು? ನಿಂಬೆಹಣ್ಣು! ಹೆಂಗಸರ ಸಾಲು? ನಿಂಬೆಹಣ್ಣು, ಎರಡೂ ಕೈಗೆ! ಮಾವಿನ ಮರದ ಕೆಳಗೆ ಅಷ್ಟು ನಿಂಬೆಹಣ್ಣು ಯಾವ ಕಾಲದಲ್ಲೂ ಕಂಡಿರಲಾರದು. ಅಮಲ್ದಾರರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು.

"ಇದೇನ್ರೀ ಇದು, ಇಡೀ ಊರಿಗೇ ಬೇನೆ! ಅಂಟುಜಾಡ್ಯವೋ ಏನೋ! ಗುಮಾಸ್ತರೇ, ತರೀಕೆರೆಯ ಡಾಕ್ಟರಿಗೆ ಈಗಲೇ ಬರೆಯಿರಿ. ಊರು ಖಾಲಿ ಮಾಡಿಸಿ ಹೊರಗಡೆ ಗುಡಿಸಲು ಹಾಕಿಸಬೇಕಾದೀತು!"

ಪ್ಲೇಗಿನ ಮಾರಿಗೆ ಹೆದರಿ ಗುಡಿಸಲಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಜನ. "ಗುಡಿಸಲು" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ದಬದಬನೆ ನಿಂಬೆಹಣ್ಣುಗಳು ನೆಲಕ್ಕೆ ಉದುರಿದವು. ಒಂದು ಉರುಳಿಕೊಂಡು ಬಂದು ಅಮಲ್ದಾರರ ಬೂಟಿಗೆ ತಾಗಿ ನಿಂತಿತು. ಅವರು ಒಂದೊಂದೇ ಹೆಬ್ಬೆಟ್ಟನ್ನು ದಿಟ್ಟಿಸಿದರು. ಒಂದಕ್ಕೂ ಏನೂ ಆಗಿರಲಿಲ್ಲ.

"ಯಾರು ಹೇಳಿಕೊಟ್ಟರು ನಿಮಗೆ ಇದನ್ನು?"

"ಗೊತ್ತಿಲ್ಲ! ಕಂಡಿಲ್ಲ! ಕೇಳಿಲ್ಲ!"

ನನ್ನನ್ನು ಬಿಟ್ಟುಕೊಡದ ಆ ಜನ! ಆದರೆ ಬಾಯಿಗೆ ಮಾತ್ರ ಪಾಠ ಹೇಳಿದ್ದೆ, ಕಣ್ಣಿಗೆ ಹೇಳಿರಲಿಲ್ಲ. ಅಷ್ಟೂ ಕಣ್ಣುಗಳು ನನ್ನ ಕಡೆ ತಿರುಗಿದವು.

ಇನ್ನು ಬಚ್ಚಿಟ್ಟುಕೊಂಡು ಪ್ರಯೋಜನವಿರಲಿಲ್ಲ. ಮುಂದೆ ಬಂದು ಶಲ್ಯ ಸರಿಪಡಿಸಿಕೊಂಡೆ. "ಮಹಾಸ್ವಾಮೀ! ಒಬ್ಬ ಅನಾಥ ವಿಧವೆಯ ತೋಟವನ್ನು ನುಂಗಲು ಸ್ವಂತ ಭಾವನೇ ಹೊಂಚು ಹಾಕಿರುವಾಗ, ಎಳನೀರಿನ ಆಸೆಗೆ ಕಚೇರಿಯೇ ಅವನ ಪಾಲಾಗಿರುವಾಗ, ಈ ಬಡ ಮೇಷ್ಟರು ಸುಮ್ಮನಿರಲು ಸಾಧ್ಯವೇ?" ಎಂದು ಗುಡುಗಿದೆ. ರುದ್ರಪ್ಪ ಬಾಯಿ ಬಿಟ್ಟುಕೊಂಡು ನಿಂತ. ಸಿಕ್ಕಿಬಿದ್ದ ಎಂದುಕೊಂಡೆ.

ಅಮಲ್ದಾರರು ಕೋಪ ಮಾಡಿಕೊಳ್ಳಲಿಲ್ಲ. ಕಡತವನ್ನು ನನ್ನ ಕಡೆ ತಳ್ಳಿದರು. "ಓದಿ ಮೇಷ್ಟ್ರೇ. ಗಟ್ಟಿಯಾಗಿ ಓದಿ."

ಕನ್ನಡಕ ಇಲ್ಲ! ಅಷ್ಟರಲ್ಲಿ ಹೆಂಗಸರ ನಡುವಿನಿಂದ ಒಂದು ಕೈ ನನ್ನ ಕನ್ನಡಕವನ್ನು ಚಾಚಿತು. ಪಾರ್ವತಮ್ಮ. ಯಾವಾಗ ಬಂದಿದ್ದಳೋ!

ಓದಿದೆ. ಮೊದಲ ಸಾಲು ಗಟ್ಟಿಯಾಗಿ, ಎರಡನೆಯ ಸಾಲು ಮೆಲ್ಲಗೆ, ಮೂರನೆಯ ಸಾಲಿಗೆ ನನ್ನ ಸ್ವರವೇ ಇರಲಿಲ್ಲ. ಅರ್ಜಿದಾರ ರುದ್ರಪ್ಪ. ತೋಟದ ಪೂರ್ತಿ ಖಾತೆ ಹಿರಿಯನಾದ ತನ್ನ ಹೆಸರಿನಲ್ಲೇ ಇದೆ. ತೀರಿಕೊಂಡ ತಮ್ಮನ ಅರ್ಧವನ್ನು ಅವನ ಹೆಂಡತಿ ಕೆಂಚಮ್ಮನ ಹೆಸರಿಗೆ ಮಾಡಿಕೊಡಬೇಕು. ತನ್ನ ಒಪ್ಪಿಗೆಯಿದೆ. ಅಂದು ಹೊಸ್ತಿಲ ಮೇಲೆ ಇಟ್ಟಿದ್ದ ಕಾಗದವೂ ಅದರಲ್ಲೇ ಇತ್ತು. ಖಾತೆ ಪಡೆಯಲು ಕೆಂಚಮ್ಮ ಹೆಬ್ಬೆಟ್ಟು ಒತ್ತಬೇಕಾದ ಕಾಗದ. ಹೆಬ್ಬೆಟ್ಟಿನ ಜಾಗ ಖಾಲಿ.

"ಇದಕ್ಕೆ ಇಡೀ ಊರಲ್ಲಿ ಒಂದೇ ಒಂದು ತಕರಾರು ಬಂದಿದೆ," ಎಂದರು ಅಮಲ್ದಾರರು. "ಯಾರದು ಅಂತ ಓದಿ."

ಓದಬೇಕಾಗಿರಲಿಲ್ಲ. ನನ್ನ ಕೈಬರಹ ನನಗೆ ದೂರದಿಂದಲೇ ಗುರುತು ಸಿಕ್ಕಿತು. ಕೆಂಚಮ್ಮನಿಗೆ ತೋಟ ಕೊಡಕೂಡದೆಂದು ತಕರಾರು ಮಾಡಿದವಳು ಕೆಂಚಮ್ಮನೇ! ಆ ತಕರಾರು ಗೆದ್ದರೆ ತೋಟ ಪೂರ್ತಿ ರುದ್ರಪ್ಪನ ಹೆಸರಿನಲ್ಲೇ ಉಳಿಯುತ್ತದೆ. ರುದ್ರಪ್ಪನಿಗೆ ನಿಜವಾಗಿಯೂ ತೋಟ ನುಂಗುವ ಮನಸ್ಸಿದ್ದಿದ್ದರೆ ಅವನಿಗೆ ನನಗಿಂತ ಒಳ್ಳೆಯ ವಕೀಲ ಸಿಗುತ್ತಿರಲಿಲ್ಲ.

ರುದ್ರಪ್ಪ ಆಗ ಮಾತಾಡಿದ. ಕೆಂಚಮ್ಮ ಎದುರಿಗೇ ಇದ್ದದ್ದರಿಂದ ಮಾವಿನ ಮರದ ಕಡೆ ತಿರುಗಿ ಮರಕ್ಕೆ ಹೇಳಿದ. "ನನ್ ತಮ್ಮ ಸಾಯೋವಾಗ ಕೈ ಹಿಡ್ಕೊಂಡು ಹೇಳಿದ್ದ. ನನ್ ಮಕ್ಳು ನಾಳೆ ಹೆಂಗೋ ಏನೋ, ನಾನಿರೋವಾಗ್ಲೇ ಬರ್ಸಿ ಕೊಟ್ಬಿಡನ ಅಂತ ಓಡಾಡ್ದೆ. ಕಂಬಕ್ಕೆ ಇದನ್ನೆಲ್ಲ ಬಿಡಿಸಿ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ. ಮೇಷ್ಟ್ರ ಕೈಲಿ ಹೇಳ್ಸನ ಅಂದ್ರೆ ಅವ್ರು ಗಾಡೀಲಿ ಗೊತ್ತಿಲ್ಲ, ಗೊತ್ತಿಲ್ಲ ಅಂದ್ರು."

ಕೆಂಚಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಇಂಥ ಮನುಷ್ಯನ ರೊಟ್ಟಿಯನ್ನು ನಾನು ಎತ್ತಿಗೆ ತಿನ್ನಿಸಿದ್ದೆ!

"ತಕರಾರು ವಾಪಸ್ಸು ತೆಗೆದುಕೊಂಡು ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಇವತ್ತೇ ಹುಕುಂ ಬರೆಯುತ್ತೇನೆ. ಮಧ್ಯಾಹ್ನ ನನ್ನ ಮೊಕ್ಕಾಂ ಎದ್ದರೆ ಮತ್ತೆ ಬರುವ ವರ್ಷವೇ," ಎಂದರು ಅಮಲ್ದಾರರು.

ನಾನು ಶಾಯಿಯ ಪೆಟ್ಟಿಗೆಯನ್ನು ನಾನೇ ಎತ್ತಿಕೊಂಡು ಕೆಂಚಮ್ಮನ ಮುಂದೆ ಓಡಿದೆ. "ಒತ್ತು ತಾಯಿ, ಒತ್ತು! ಬೇಗ!"

ಕೆಂಚಮ್ಮ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. ಮೆಲ್ಲಗೆ ಎರಡು ಹೆಬ್ಬೆಟ್ಟನ್ನೂ ನಿಂಬೆಹಣ್ಣಿನ ಸಮೇತ ಮುಷ್ಟಿಯೊಳಗೆ ಅದುಮಿಕೊಂಡಳು. ಅವಳ ನಿಂಬೆಹಣ್ಣು ಮಾತ್ರ ಇನ್ನೂ ಬಿದ್ದಿರಲಿಲ್ಲ.

"ಒತ್ತಾಕಿಲ್ಲ ಸ್ವಾಮಿ."

"ಯಾಕಮ್ಮಾ?"

"ನಾನೇ ಬಂದು ಒತ್ತು ಅಂದ್ರೂ ಒತ್ಬೇಡಿ ಅಂತ ನೀವೇ ಹೇಳಿದ್ರಲ್ಲ. ಅವತ್ತು ನಿಮ್ಮಾತು ಕೇಳಿ ಒಂದ್ಸಲ ಒತ್ತಿದ್ದೇ ಹಿಂಗಾಯ್ತು."

ಜನ ನಗಲಿಲ್ಲ. ನಕ್ಕಿದ್ದರೆ ವಾಸಿಯಾಗುತ್ತಿತ್ತು. ಪಟೇಲರು ಗಂಭೀರವಾಗಿ "ಹೌದು, ಹೇಳಿದ್ರು. ನಾನೇ ಕೇಳಿದೀನಿ" ಎಂದು ಸಾಕ್ಷಿ ಬೇರೆ ನುಡಿದರು! "ಗೊತ್ತಿಲ್ಲ" ಎನ್ನುವುದನ್ನು ಅವರು ಬಿಟ್ಟದ್ದು ಅದೊಂದೇ ಸಲ. ನಾನು ಬೇಡಿದೆ, ಆಣೆ ಹಾಕಿದೆ. ಬೇಡಿದಷ್ಟೂ ಅವಳ ಮುಷ್ಟಿ ಬಿಗಿಯಾಯಿತು. ಅಮಲ್ದಾರರು ಗಡಿಯಾರ ನೋಡಿದರು.

ಪಾರ್ವತಮ್ಮ ಹೆಂಗಸರ ಸಾಲಿನಿಂದ ಹೊರಗೆ ಬಂದಳು. ನನ್ನ ಮೂಗಿನ ಮೇಲಿಂದ ಕನ್ನಡಕ ತೆಗೆದು ತಾನು ಹಾಕಿಕೊಂಡಳು. ಕಡತವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು. ಎರಡು ಕಡೆ ಗುಮಾಸ್ತನನ್ನು ಅರ್ಥ ಕೇಳಿದಳು. ಕೇಳಲು ಅವಳಿಗೆ ನಾಚಿಕೆಯಾದಂತೆ ಕಾಣಲಿಲ್ಲ. ಆಮೇಲೆ ಕೆಂಚಮ್ಮನ ಹತ್ತಿರ ಹೋಗಿ ಭುಜದ ಮೇಲೆ ಕೈಯಿಟ್ಟಳು.

"ಓದಿದೀನಿ ಕಣೇ ಕೆಂಚಮ್ಮ. ಕೆರೆ ಹಿಂದಿನ ತೋಟದಲ್ಲಿ ಅರ್ಧ ನಿಂದು ಅಂತಿದೆ. ಬೇರೆ ಏನೂ ಇಲ್ಲ. ಒತ್ತು."

"ನೀವು ಹೇಳೋದಾದ್ರೆ ಸರಿ ಅವ್ವಾ," ಎಂದು ಕೆಂಚಮ್ಮ ನಿಂಬೆಹಣ್ಣು ಕಿತ್ತು ಒತ್ತಿಯೇಬಿಟ್ಟಳು! ಬೆಳಗಿನಿಂದ ನಿಂಬೆರಸದಲ್ಲಿ ನೆಂದ ಹೆಬ್ಬೆಟ್ಟು. ಶಾಯಿ ಹರಡಿ ಮೊದಲನೆಯದು ಕೆಟ್ಟಿತು, ಎರಡನೆಯದೂ ಕೆಟ್ಟಿತು. ಪಾರ್ವತಮ್ಮ ತನ್ನ ಸೆರಗಿನಿಂದ ಬೆರಳು ಒರೆಸಿ ಒತ್ತಿಸಿದ ಮೂರನೆಯದು ಸ್ಪಷ್ಟವಾಗಿ ಮೂಡಿತು. ಅಮಲ್ದಾರರು ಹುಕುಂ ಬರೆದು ನನ್ನ ಕಡೆ ನೋಡಿದರು.

"ನಿಮ್ಮ ತಕರಾರು ವಜಾ, ಮೇಷ್ಟ್ರೇ."

ನ್ಯಾಯ ಸಹಾಯ ಜಗಲಿ ಈಗಲೂ ನಡೆಯುತ್ತಿದೆ. ಮೊದಲಿಗಿಂತ ಜನ ಹೆಚ್ಚು. ಬಂದವರು ನನಗೆ ನಮಸ್ಕಾರ ಮಾಡಿ "ಅಮ್ಮಾವ್ರು ಇದಾರಾ?" ಎಂದು ಕೇಳುತ್ತಾರೆ. ಅವಳು ಅಡಿಗೆ ಮುಗಿಸಿ ಬರುವವರೆಗೆ ನನ್ನ ಜೊತೆ ಮಳೆ ಬೆಳೆ ಮಾತಾಡುತ್ತಾರೆ. ಅವಳು ಓದಿ, ಎದುರು ಪಾರ್ಟಿಯವರನ್ನೂ ಕರೆಸಿ ಕೇಳಿ, ಏನು ಬರೆಯಬೇಕೆಂದು ಹೇಳುತ್ತಾಳೆ. ನಾನು ಬರೆಯುತ್ತೇನೆ. ಬರೆದದ್ದನ್ನು ಅವಳು ಮತ್ತೊಮ್ಮೆ ಓದುತ್ತಾಳೆ. ನನಗೆ ಮೊದಮೊದಲು ಅವಮಾನವಾಗುತ್ತಿತ್ತು, ಈಗ ಅಭ್ಯಾಸವಾಗಿದೆ. ರುದ್ರಪ್ಪ ಅದೇ ತಿಂಗಳು ಒಂದು ಗೊನೆ ಎಳನೀರು ಕಳಿಸಿದ. ಈ ಸಲ ಎತ್ತಿಗೆ ಪರೀಕ್ಷೆಗೆ ಕೊಡದೆ ಕುಡಿದೆ.

ಮೊನ್ನೆ ಕೆಂಚಮ್ಮ ಹೊಸ ಖಾತೆಯ ಕಾಗದ ಹಿಡಿದುಕೊಂಡು ಬಂದಳು. ಪಾರ್ವತಮ್ಮ ತವರಿಗೆ ಹೋಗಿದ್ದಳು. ಕೆಂಚಮ್ಮ ಜಗಲಿಯ ಕೆಳಗೆ ಬಹಳ ಹೊತ್ತು ನಿಂತು ಯೋಚಿಸಿದಳು. ಕೊನೆಗೆ ಬೇರೆ ದಾರಿ ಕಾಣದೆ ಹತ್ತಿ ಬಂದು ಕಾಗದವನ್ನು ನನ್ನ ಮುಂದೆ ಚಾಚಿ, "ಓದಿ ಹೇಳಿ ಸ್ವಾಮಿ, ನನ್ ಹೆಸ್ರು ಎಲ್ಲೈತೆ?" ಎಂದಳು. ನನಗೆ ಎಷ್ಟು ಸಂತೋಷವಾಯಿತು! ಮತ್ತೆ ನನ್ನನ್ನು ನಂಬಿದಳಲ್ಲ! ಕನ್ನಡಕ ಏರಿಸಿಕೊಂಡು, ಬೆರಳಿಟ್ಟು ಅವಳ ಹೆಸರು ತೋರಿಸಿ, ಪ್ರತಿಯೊಂದು ಅಕ್ಷರವನ್ನೂ ಬಿಡಿಸಿ ಓದಿದೆ. ಓದಿ ಮುಗಿಸುವವರೆಗೂ ಅವಳು ಕಾಗದದ ಒಂದು ತುದಿಯನ್ನು ತನ್ನ ಕೈಯಿಂದ ಬಿಡಲಿಲ್ಲ.

ಮೂವತ್ತು ವರ್ಷದಲ್ಲಿ ನನ್ನ ಪಾಠವನ್ನು ಇಷ್ಟು ಚೆನ್ನಾಗಿ ಕಲಿತವರು ಇನ್ನೊಬ್ಬರಿಲ್ಲ!